ಮಗ ಶಿಬಿರಕ್ಕೆ ಹೊರಟಾಗ...

ಸೋದರಿಯರೇ, ನಿಮ್ಮ ಮನೆಯಲ್ಲಿ ಹನ್ನೆರಡೋ ಹದಿಮೂರೋ ವರ್ಷದ ಗಂಡುಮಗನಿದ್ದಾನೆಯೇ? ಇದ್ದರೆ ಒಂದು ಪ್ರಶ್ನೆ ಕೇಳುತ್ತೇನೆ, ಬೇಸರಿಸಬೇಡಿ. ಊಟವಾದ ಮೇಲೆ ಅವನ ತಟ್ಟೆ ಎತ್ತುವವರು ಯಾರು?

ನಮ್ಮ ಮನೆಯಲ್ಲಂತೂ ನಾನೇ ಎತ್ತುತ್ತಿದ್ದೆ. ನಾನು ಒಲೆಯ ಮುಂದೆ ಇದ್ದರೆ ಮಗಳು ಎತ್ತುತ್ತಿದ್ದಳು. ಅವಳು ಅಣ್ಣನಿಗಿಂತ ಎರಡು ವರ್ಷ ಚಿಕ್ಕವಳು! ಆದರೂ ಅದರಲ್ಲಿ ತಪ್ಪಿದೆ ಎಂದು ನನಗಾಗಲಿ ನಮ್ಮೆಜಮಾನರಿಗಾಗಲಿ ಒಂದು ದಿನವೂ ಅನ್ನಿಸಿರಲಿಲ್ಲ. ಮೂರು ವರ್ಷದ ಹಿಂದೆ ಮಗ ಎಂಟನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಒಂದು ಚೀಟಿ ತಂದ. ಸ್ಕೌಟ್ ಹುಡುಗರಿಗೆ ಐದು ದಿನದ ಶಿಬಿರ, ಡೇರೆಯಲ್ಲಿ ವಾಸ, ಪೋಷಕರ ಸಹಿ ಬೇಕು. ಆ ಚೀಟಿಯಿಂದ ಶುರುವಾದ ಕತೆ ಇದು.

ಚೀಟಿ ನೋಡಿದ ಕೂಡಲೇ ನಮ್ಮತ್ತೆಯವರು, "ಏನೇ ಇದು, ಮನೇಲಿ ಮಂಚ ಇರೋ ಹುಡುಗನ್ನ ಬಯಲಲ್ಲಿ ಮಲಗಿಸ್ತಾರಂತಾ? ಹಾವು ಚೇಳು ಇರಲ್ವಾ?" ಎಂದರು. ಯಜಮಾನರು ಎಂದಿನಂತೆ, "ನೀನೇ ನೋಡು" ಎಂದು ಪೇಪರ್ ಹಿಡಿದು ಕೂತರು. ನನಗೂ ಎದೆ ಡವಡವ. ನಮ್ಮ ಹುಡುಗ ರಾತ್ರಿ ಬಚ್ಚಲಿಗೆ ಹೋಗಬೇಕಾದರೂ ದೀಪ ಹಾಕಿಸಿಕೊಂಡು ಹೋಗುವವನು. ನಮ್ಮೂರಿನ ಏಕಶಿಲಾ ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದರೂ ಅದರ ಅರ್ಧ ಎತ್ತರವನ್ನೂ ಹತ್ತಿದವನಲ್ಲ. ಹತ್ತುತ್ತೇನೆ ಎಂದಾಗಲೆಲ್ಲ, "ಬಿದ್ದೀಯ, ಬೇಡ" ಎಂದವಳು ನಾನೇ. ಹುಟ್ಟಿದಂದಿನಿಂದ ಬೇಡ ಬೇಡ ಎಂದು ಬೆಳೆಸಿ, ಆಮೇಲೆ ಹುಡುಗನಿಗೆ ಧೈರ್ಯವಿಲ್ಲ ಅನ್ನುವುದು ಎಂಥ ನ್ಯಾಯ, ನೀವೇ ಹೇಳಿ!

ಎದುರು ಮನೆ ಟೀಚರಮ್ಮ ಹೇಳಿದ ಮಾತು

ಎರಡು ದಿನ ಸಹಿ ಹಾಕದೆ ಚೀಟಿಯನ್ನು ಸಾಸಿವೆ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದೆ. ಮೂರನೆಯ ದಿನ ಎದುರು ಮನೆ ಟೀಚರಮ್ಮನವರು ಕರಿಬೇವು ಕೇಳಲು ಬಂದರು. ಅವರು ಕ್ರೈಸ್ತರು. ಅವರ ಮಗ ಅದರ ಹಿಂದಿನ ಬೇಸಿಗೆಯಲ್ಲಿ ಅವರ ಸಭೆಯವರು ಹುಡುಗರಿಗಾಗಿ ನಡೆಸಿದ ಶಿಬಿರಕ್ಕೆ ಹೋಗಿ ಬಂದಿದ್ದ. "ಟೀಚರ್, ಕಳಿಸುವಾಗ ನಿಮಗೆ ಭಯವಾಗಲಿಲ್ವಾ?" ಎಂದು ಕೇಳಿದೆ.

"ಆಗದೆ ಇರುತ್ತೇನ್ರೀ? ಮೂರು ರಾತ್ರಿ ನಿದ್ದೆ ಮಾಡಲಿಲ್ಲ" ಎಂದು ನಕ್ಕರು. ಆಮೇಲೆ ಅಲ್ಲಿ ನಡೆಯುವುದನ್ನೆಲ್ಲ ವಿವರವಾಗಿ ಹೇಳಿದರು. ಬೆಳಿಗ್ಗೆ ಪ್ರಾರ್ಥನೆ ಮತ್ತು ಬೈಬಲ್ ಪಾಠ. ಅದಾದ ಮೇಲೆ ಡೇರೆ ಕಟ್ಟುವುದು, ಹಗ್ಗದ ಗಂಟುಗಳು, ದಿಕ್ಸೂಚಿ ಹಿಡಿದು ದಾರಿ ಹುಡುಕುವುದು, ಸೌದೆ ಒಲೆಯ ಅಡುಗೆ. ಹುಡುಗರನ್ನು ಏಳೆಂಟು ಜನರ ಗುಂಪು ಮಾಡಿ, ಒಬ್ಬೊಬ್ಬನನ್ನು ಒಂದೊಂದು ದಿನ ನಾಯಕನನ್ನಾಗಿ ನೇಮಿಸುತ್ತಾರಂತೆ. "ನನ್ನ ಮಗನಿಗೆ ಅಲ್ಲಿ ಕಲಿಸಿದ ಮೊದಲ ಪಾಠ ಏನು ಗೊತ್ತೇನ್ರೀ? ನಾಯಕ ಆದವನು ಎಲ್ಲರೂ ಉಂಡ ಮೇಲೆ ಕೊನೆಗೆ ಉಣ್ಣಬೇಕು" ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ನಾಟಿಬಿಟ್ಟಿತು. ಎಲ್ಲರೂ ಉಂಡ ಮೇಲೆ ಕೊನೆಗೆ ಉಣ್ಣುವುದು ನಾವು ಹೆಂಗಸರು ನಿತ್ಯವೂ ಮಾಡುವ ಕೆಲಸ ತಾನೇ? ಅದಕ್ಕೆ ನಮ್ಮನ್ನು ಯಾರೂ ನಾಯಕಿ ಎಂದು ಕರೆಯಲಿಲ್ಲ, ಆ ಮಾತು ಬೇರೆ! ಗಂಡುಮಗನಿಗೂ ಅದು ಗೊತ್ತಾಗಲಿ ಎಂದು ಆ ಸಂಜೆಯೇ ಚೀಟಿಗೆ ಸಹಿ ಹಾಕಿದೆ. ಹೆತ್ತ ಕರುಳು ಕೇಳಬೇಕಲ್ಲ, ದಂಡಿನ ಮಾರಮ್ಮನಿಗೆ ಒಂದು ಹರಕೆಯನ್ನೂ ಹೊತ್ತುಕೊಂಡೆ.

ಈ ಶಿಬಿರಗಳು ಎಲ್ಲಿಂದ ಬಂದವು?

ಟೀಚರಮ್ಮನ ಮಗ ಹೋದದ್ದು ಚರ್ಚಿನ ಶಿಬಿರ, ನನ್ನ ಮಗ ಹೊರಟದ್ದು ಶಾಲೆಯ ಸ್ಕೌಟ್ ಶಿಬಿರ. ಎರಡರಲ್ಲೂ ಕಲಿಸುವುದು ಹೆಚ್ಚುಕಡಿಮೆ ಒಂದೇ ಆಗಿದೆಯಲ್ಲ ಎಂದು ಕುತೂಹಲವಾಯಿತು. ಟೀಚರಮ್ಮನವರು ಕೊಟ್ಟ ಪುಸ್ತಕಗಳನ್ನು ತಿರುವಿ ಹಾಕಿದಾಗ ಎರಡಕ್ಕೂ ನೆಂಟಸ್ತಿಕೆ ಇರುವುದು ತಿಳಿಯಿತು.

1883ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ವಿಲಿಯಂ ಅಲೆಗ್ಸಾಂಡರ್ ಸ್ಮಿತ್ ಎಂಬುವರು ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಹುಡುಗರು ಒಂದು ಕಡೆ ಕೂರಬೇಕಲ್ಲ! ಗಲಾಟೆಯೋ ಗಲಾಟೆ. ಅದೇ ಹುಡುಗರು ಆಟಕ್ಕೆ, ಕವಾಯತಿಗೆ ಕರೆದರೆ ಮಾತ್ರ ಶಿಸ್ತಾಗಿ ನಿಲ್ಲುತ್ತಿದ್ದರು. ಹಾಗಾದರೆ ಪಾಠಕ್ಕೆ ಆಟವನ್ನೇ ಸೇರಿಸೋಣ ಎಂದು ಸ್ಮಿತ್ ಅವರು 'ಬಾಯ್ಸ್ ಬ್ರಿಗೇಡ್' ಎಂಬ ಸಂಘ ಕಟ್ಟಿದರು. ಮೂರು ವರ್ಷದಲ್ಲಿ, ಅಂದರೆ 1886ರಲ್ಲಿ, ಹುಡುಗರನ್ನು ಬೇಸಿಗೆ ಶಿಬಿರಕ್ಕೂ ಕರೆದುಕೊಂಡು ಹೋದರು.

ಬೇಡನ್ ಪೊವೆಲ್ ಎಂಬ ಸೇನಾಧಿಕಾರಿಗೆ ಈ ಬ್ರಿಗೇಡಿನ ಪರಿಚಯವಿತ್ತು. 1899-1900ರಲ್ಲಿ ದಕ್ಷಿಣ ಆಫ್ರಿಕದ ಮಾಫೆಕಿಂಗ್ ಊರನ್ನು ಶತ್ರುಗಳು ಏಳು ತಿಂಗಳು ಮುತ್ತಿದ್ದಾಗ ಅದನ್ನು ಕಾಪಾಡಿದವರು ಇವರು. ಆಗ ಊರಿನ ಚಿಕ್ಕ ಹುಡುಗರು ಸಂದೇಶ ಒಯ್ಯುವಂಥ ಕೆಲಸಗಳನ್ನು ಎಷ್ಟು ಹೊಣೆಯಿಂದ ಮಾಡಿದರೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. 1907ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಇಟ್ಟುಕೊಂಡು ಪ್ರಯೋಗಕ್ಕೆಂದು ಒಂದು ಶಿಬಿರ ನಡೆಸಿದರು. ಅವರಲ್ಲಿ ಕೆಲವರು ದೊಡ್ಡ ಶಾಲೆಗಳಲ್ಲಿ ಓದುವ ಶ್ರೀಮಂತರ ಮಕ್ಕಳು, ಕೆಲವರು ಬಾಯ್ಸ್ ಬ್ರಿಗೇಡಿನಿಂದ ಬಂದ ಸಾಧಾರಣ ಮನೆಯ ಮಕ್ಕಳು. ಅವರನ್ನೆಲ್ಲ ಬೆರೆಸಿ ನಾಲ್ಕು ಗುಂಪು ಮಾಡಿ, ಗುಂಪಿಗೊಬ್ಬ ಹುಡುಗನನ್ನೇ ನಾಯಕನನ್ನಾಗಿ ಮಾಡಿದರು. ನೂರು ವರ್ಷಕ್ಕೂ ಹಿಂದೆ, ಮೇಲು ಕೀಳು ಎಂಬುದು ಬಲವಾಗಿದ್ದ ಆ ದೇಶದಲ್ಲಿ ಇದು ಸಣ್ಣ ಮಾತಲ್ಲ. ಮರುವರ್ಷ ಬೇಡನ್ ಪೊವೆಲ್ ಬರೆದ ಪುಸ್ತಕ ಹದಿನೈದು ದಿನಕ್ಕೊಂದು ಕಂತಿನಂತೆ ಆರು ಕಂತಿನಲ್ಲಿ ಹೊರಬಂತು. ನಾವು ನಮ್ಮ ಪತ್ರಿಕೆಗೆ ಕಾಯುವ ಹಾಗೆ ಅಲ್ಲಿನ ಹುಡುಗರು ಅದಕ್ಕೆ ಕಾಯುತ್ತಿದ್ದರೇನೋ!

ಚರ್ಚಿನ ಹುಡುಗರ ಸಂಘಗಳು ಆಮೇಲೂ ಬೆಳೆದವು. ಅಮೆರಿಕದಲ್ಲಿ ಅಸೆಂಬ್ಲೀಸ್ ಆಫ್ ಗಾಡ್ ಸಭೆಯವರು 1962ರಲ್ಲಿ 'ರಾಯಲ್ ರೇಂಜರ್ಸ್' ಎಂಬುದನ್ನು ಆರಂಭಿಸಿದರು. ಅದು ಈಗ ಹಲವು ದೇಶಗಳಲ್ಲಿದೆ. ಹರೆಯಕ್ಕೆ ಕಾಲಿಟ್ಟ ಹುಡುಗರನ್ನು ಆರಿಸಿ, ತಮಗಿಂತ ಚಿಕ್ಕವರನ್ನು ನಡೆಸಿಕೊಂಡು ಹೋಗುವುದು ಹೇಗೆಂದು ಬಯಲಿನಲ್ಲೇ ಕಲಿಸುವ ನಾಯಕತ್ವ ಶಿಬಿರಗಳು ಇಂಥ ಸಂಘಗಳ ವೈಶಿಷ್ಟ್ಯ. ಅಲ್ಲಿ ಬೈಬಲ್ ಪಾಠ ಇರುತ್ತದೆ, ಶಾಲೆಯ ಸ್ಕೌಟ್ ಶಿಬಿರದಲ್ಲಿ ಸರ್ವಧರ್ಮ ಪ್ರಾರ್ಥನೆ ಇರುತ್ತದೆ. ಗುಂಪು ಕಟ್ಟುವುದು, ಸರದಿಯ ಮೇಲೆ ಹೊಣೆ ಹೊರಿಸುವುದು ಮಾತ್ರ ಎರಡಕ್ಕೂ ಸಮಾನ.

ನಮ್ಮ ಬೆಂಗಳೂರಿನಲ್ಲೇ ಮೊದಲು

ಭಾರತದಲ್ಲಿ ಸ್ಕೌಟಿಂಗ್ ಮೊದಲು ಕಾಲಿಟ್ಟದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ! 1909ರಲ್ಲಿ, ಕ್ರೈಸ್ತ ಸಂಸ್ಥೆಯಾದ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಮೊದಲ ದಳ ಆರಂಭವಾಯಿತು. ಆದರೆ ಆಗ ಅದರಲ್ಲಿ ಬ್ರಿಟಿಷರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ ಜಾಗ. ನಮ್ಮ ಮಕ್ಕಳು ಬೇಲಿಯಾಚೆ ನಿಂತು ನೋಡಬೇಕಿತ್ತು. ಇದನ್ನು ಸಹಿಸದೆ ಆನಿಬೆಸೆಂಟ್ ಅವರು ಜಾರ್ಜ್ ಅರುಂಡೇಲರ ಜೊತೆ ಸೇರಿ 1917ರಲ್ಲಿ ಮದರಾಸಿನಲ್ಲಿ ಭಾರತೀಯ ಬಾಲಕರಿಗಾಗಿಯೇ ಸ್ಕೌಟ್ ಸಂಸ್ಥೆ ಕಟ್ಟಿದರು. ಅತ್ತ ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ವಾಜಪೇಯಿ ಮುಂತಾದವರು 1918ರಲ್ಲಿ ಸೇವಾ ಸಮಿತಿಯ ದಳಗಳನ್ನು ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆಬೇರೆಯಾಗಿದ್ದ ಸಂಸ್ಥೆಗಳು ಒಂದಾಗಿ 'ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್' ಆಯಿತು. ಮುಂದಿನ ವರ್ಷ ಹೆಣ್ಣುಮಕ್ಕಳ ಗೈಡ್ ಸಂಸ್ಥೆಯೂ ಅದರೊಳಗೆ ಸೇರಿತು.

ನಮ್ಮ ರಾಜ್ಯದಲ್ಲಿ ಈ ಸಂಸ್ಥೆಯ ತರಬೇತಿ ಕೇಂದ್ರಗಳು ದೊಡ್ಡಬಳ್ಳಾಪುರದಲ್ಲೂ ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯಲ್ಲೂ ಇವೆ. ಕೊಂಡಜ್ಜಿಯದು ಕೆರೆಯ ಪಕ್ಕದ ತಂಪಾದ ಜಾಗ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಸ್ಕೌಟು ಗೈಡುಗಳ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯೇ ನಡೆಯಿತು. ಜಾಂಬೂರಿ ಎಂದರೆ ನಮ್ಮ ಜಾತ್ರೆ ಎಂದುಕೊಳ್ಳಿ, ತೇರಿನ ಬದಲು ಡೇರೆಗಳು!

ಐದು ದಿನ ಏನು ಮಾಡಿಸುತ್ತಾರೆ?

ಹೊರಡುವ ಮುಂಚೆ ಮಗ, "ಅಮ್ಮಾ, ನನ್ನನ್ನೂ ಒಂದು ದಿನ ಪೆಟ್ರೋಲ್ ಲೀಡರ್ ಮಾಡ್ತಾರಂತೆ" ಎಂದ. ನಮ್ಮತ್ತೆ ಗಾಬರಿಯಾಗಿ, "ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕೆ ಹಾಕ್ತಾರಾ?" ಎಂದು ಕೇಳಿದ್ದನ್ನು ನೆನೆದು ಈಗಲೂ ನಗುತ್ತೇವೆ. ಆರೆಂಟು ಹುಡುಗರ ಒಂದು ತಂಡಕ್ಕೆ ಅಲ್ಲಿ ಪೆಟ್ರೋಲ್ ಅನ್ನುತ್ತಾರೆ. ಒಬ್ಬ ನಾಯಕ, ಅವನಿಗೊಬ್ಬ ಸಹಾಯಕ. ಉಳಿದವರಿಗೆ ನೀರು, ಸೌದೆ, ಅಡುಗೆ, ಚೊಕ್ಕಟ, ಔಷಧಿ ಪೆಟ್ಟಿಗೆ ಹೀಗೆ ಒಂದೊಂದು ಹೊಣೆ. ಒಬ್ಬ ತನ್ನ ಕೆಲಸ ತಪ್ಪಿಸಿಕೊಂಡರೆ ಎಂಟು ಹೊಟ್ಟೆಗೆ ತೊಂದರೆ. ಯಾರೂ ಬೈಯಬೇಕಿಲ್ಲ, ಹಸಿವೇ ಪಾಠ ಹೇಳುತ್ತದೆ.

ಡೇರೆ ಕಟ್ಟಿ ಸುತ್ತಲೂ ನೀರು ಹರಿಯುವ ಕಾಲುವೆ ತೋಡುವುದು, ಬಿದಿರು ಗಳುಗಳನ್ನು ಹಗ್ಗದಿಂದಲೇ ಬಿಗಿದು ತಟ್ಟೆ ಇಡುವ ಅಟ್ಟ ಮಾಡುವುದು, ಗುಂಡಿ ತೆಗೆದು ಕಸ ಮುಚ್ಚುವುದು, ನಕ್ಷೆ ನೋಡಿ ನಡೆಯುವುದು, ರಾತ್ರಿ ಶಿಬಿರಾಗ್ನಿಯ ಸುತ್ತ ಹಾಡು ನಾಟಕ. ಪಾತ್ರೆಯೇ ಇಲ್ಲದೆ ಅಡುಗೆ ಮಾಡುವುದೂ ಒಂದು ಪಾಠ. ಆಲೂಗಡ್ಡೆಗೆ ಕೆಸರು ಮೆತ್ತಿ ಕೆಂಡದಲ್ಲಿ ಹೂಳುತ್ತಾರೆ, ಕಾದ ಕಲ್ಲಿನ ಮೇಲೆ ರೊಟ್ಟಿ ಸುಡುತ್ತಾರೆ. ಕತ್ತಿಗೆ ಕಟ್ಟುವ ಸ್ಕಾರ್ಫ್ ಬರೀ ಚೆಂದಕ್ಕಲ್ಲ. ಕೈ ಮುರಿದವರಿಗೆ ತೂಗುಪಟ್ಟಿ, ಗಾಯಕ್ಕೆ ಬ್ಯಾಂಡೇಜು, ಎಲ್ಲವೂ ಅದೇ.

ಗಂಟುಗಳ ವಿಷಯ ಕೇಳಿದಾಗ ನನಗೆ ಸಂತೋಷವಾಯಿತು. ಬ್ಯಾಂಡೇಜಿಗೆ ರೀಫ್ ಗಂಟು, ಗಳುವಿಗೆ ಹಗ್ಗ ಬಿಗಿಯಲು ಕ್ಲೋವ್ ಹಿಚ್, ಬಾವಿಗೆ ಬಿದ್ದವರನ್ನು ಎಳೆದುಕೊಳ್ಳಲು ಬೋಲೈನ್. ಈ ಬೋಲೈನಿನ ಕುಣಿಕೆ ಎಷ್ಟು ಎಳೆದರೂ ಮೈಯನ್ನು ಬಿಗಿಯುವುದಿಲ್ಲವಂತೆ. ನಾನು ತವರಿನಲ್ಲಿ ಬಾವಿಯ ಕೊಡಕ್ಕೆ ಹಾಕುತ್ತಿದ್ದ ಕುಣಿಕೆ, ಅಪ್ಪ ಹಸು ಕಟ್ಟುತ್ತಿದ್ದ ಗಂಟು ಎಲ್ಲ ನೆನಪಾದವು. ನಲ್ಲಿ ಬಂದ ಮೇಲೆ ನಮ್ಮ ಮಕ್ಕಳು ಹಗ್ಗವನ್ನೇ ಮುಟ್ಟಿಲ್ಲ. ಅಜ್ಜ ಅಜ್ಜಿಯರು ಬಲ್ಲ ವಿದ್ಯೆಯನ್ನು ಮೊಮ್ಮಕ್ಕಳು ಇಂಗ್ಲಿಷ್ ಹೆಸರಿನಲ್ಲಿ ಕಲಿತು ಬರುತ್ತಾರೆ, ಆಗಲಿ ಬಿಡಿ!

ಮೂರನೆಯ ರಾತ್ರಿ ಜೋರು ಮಳೆ ಬಂತಂತೆ. ನಮ್ಮವನ ತಂಡ ಕಾಲುವೆಯನ್ನು ಅರ್ಧಕ್ಕೇ ಬಿಟ್ಟಿದ್ದರಿಂದ ನೀರೆಲ್ಲ ಒಳಗೆ ನುಗ್ಗಿತು. ಅಂದು ಲೀಡರ್ ಆಗಿದ್ದವನು ನನ್ನ ಮಗನೇ. ಮಾಸ್ತರರು ಎಲ್ಲರನ್ನೂ ಶಾಲೆಯ ಕೊಠಡಿಗೆ ಸಾಗಿಸಿದರು. ಒಬ್ಬ ಚಿಕ್ಕ ಹುಡುಗ ಅಮ್ಮ ಬೇಕೆಂದು ಅಳಲು ಶುರುಮಾಡಿದ. ದೀಪವಿಲ್ಲದೆ ಬಚ್ಚಲಿಗೆ ಹೋಗದ ನನ್ನ ಮಗ ತನ್ನ ಒಣ ಹೊದಿಕೆಯನ್ನು ಅವನಿಗೆ ಹೊದಿಸಿ, ಬೆಳಗಾಗುವವರೆಗೂ ಅವನ ಪಕ್ಕ ಕೂತಿದ್ದನಂತೆ. ಇದನ್ನು ಮಗ ನನಗೆ ಹೇಳಲಿಲ್ಲ. ಆ ಚಿಕ್ಕ ಹುಡುಗನ ತಾಯಿ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಸೊಪ್ಪಿನ ಚೀಲ ಹಿಡಿದುಕೊಂಡು ಅಲ್ಲೇ ಕಣ್ಣೀರು ಹಾಕಿದೆ.

ಮನೆಗೆ ಬಂದ ಮೇಲೆ

ಐದು ದಿನದ ಮೇಲೆ ಬಿಸಿಲಿಗೆ ಕಪ್ಪಾಗಿ, ಕೊಳೆ ಬಟ್ಟೆಯ ಗಂಟು ಹೊತ್ತು ಬಂದ. ಮುದ್ದೆ, ಬಸ್ಸಾರು ಮಾಡಿ ಬಡಿಸಿದೆ. ಉಂಡೆದ್ದವನು ತನ್ನ ತಟ್ಟೆಯ ಜೊತೆ ಅಜ್ಜಿಯ ತಟ್ಟೆಯನ್ನೂ ಎತ್ತಿಕೊಂಡು ಬಚ್ಚಲ ಕಡೆ ಹೊರಟ. "ಏಯ್, ಗಂಡುಹುಡುಗ ಎಂಜಲು ತಟ್ಟೆ ಎತ್ತೋದೇನೋ!" ಎಂದು ಅತ್ತೆ ಕೂಗಿಕೊಂಡರು. "ಅಲ್ಲಿ ಎಲ್ಲರೂ ಎತ್ತಿದ್ವಿ ಅಜ್ಜಿ. ಲೀಡರ್ ಆಗಿದ್ದ ದಿನ ದೊಡ್ಡ ಪಾತ್ರೆಗಳನ್ನ ನಾನೇ ಉಜ್ಜಿದೆ" ಎಂದ. ಮಗಳು ನನ್ನ ಮುಖ ನೋಡಿದಳು, ನಾನು ಮಗಳ ಮುಖ ನೋಡಿದೆ.

ಹದಿನೈದು ದಿನದಲ್ಲಿ ಇನ್ನೊಂದು ಸಂಗತಿ ನಡೆಯಿತು. ಒಗ್ಗರಣೆ ಸೌಟು ಜಾರಿ ಕಾದ ಎಣ್ಣೆ ನನ್ನ ಮುಂಗೈ ಮೇಲೆ ಬಿತ್ತು. ಅತ್ತೆ ಟೂತ್‌ಪೇಸ್ಟ್ ತರಲು ಓಡಿದರು. ಮಗ, "ಬೇಡ ಅಜ್ಜಿ, ಏನೂ ಹಚ್ಚಬಾರದು" ಎಂದು ನನ್ನ ಬಳೆ ಬಿಚ್ಚಿಸಿ, ಕೈಯನ್ನು ಹರಿಯುವ ತಣ್ಣೀರಿನ ಕೆಳಗೆ ಹಿಡಿಸಿ, ಗಡಿಯಾರ ನೋಡುತ್ತ ಇಪ್ಪತ್ತು ನಿಮಿಷ ನಿಲ್ಲಿಸಿದ. ಆಮೇಲೆ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು, "ನೀರು ಹಾಕಿದ್ದು ಒಳ್ಳೇದಾಯ್ತು, ಐಸು, ಪೇಸ್ಟು ಏನೂ ಹಚ್ಚದೆ ಬಂದಿರಿ" ಎಂದರು. ಹಾವು ಕಚ್ಚಿದರೂ ಹಾಗೆಯೇ: ಬಿಗಿಯಾಗಿ ದಾರ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ನಡೆಸದೆ, ಬೇಗ ಆಸ್ಪತ್ರೆಗೆ ಸಾಗಿಸಬೇಕು ಎಂದು ಅವನೇ ನಮಗೆಲ್ಲ ಹೇಳಿಕೊಟ್ಟ. ಹೊಲ ಗದ್ದೆ ಇರುವ ನಮ್ಮ ಸೀಮೆಯಲ್ಲಿ ಇದು ಪ್ರತಿ ಮನೆಗೂ ಗೊತ್ತಿರಬೇಕಾದ ವಿಷಯ.

ಇಲ್ಲಿಗೆ ಮುಗಿಸಿದರೆ ಕತೆ ಚೆನ್ನಾಗಿರುತ್ತಿತ್ತು. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಪರೀಕ್ಷೆ ಹತ್ತಿರ ಬಂತು. ಒಂದು ರಾತ್ರಿ ತಟ್ಟೆ ಎತ್ತಲು ಎದ್ದವನಿಗೆ, "ಬಿಡೋ, ನೀನು ಹೋಗಿ ಓದಿಕೋ" ಎಂದು ನಾನೇ ಕಿತ್ತುಕೊಂಡೆ. ಮರುದಿನವೂ ಹಾಗೇ ಆಯಿತು. ಪರೀಕ್ಷೆ ಮುಗಿಯಿತು, ಆದರೆ ತಟ್ಟೆ ಮಾತ್ರ ಮತ್ತೆ ಅವನ ಕೈಗೆ ಹೋಗಲಿಲ್ಲ. ಮಗಳಿಗೂ ಆಗ ಪರೀಕ್ಷೆ ಇತ್ತು, ಅವಳ ಕೈಯಿಂದ ನಾನು ಕಸಪೊರಕೆ ಕಿತ್ತುಕೊಂಡಿರಲಿಲ್ಲ! ಒಂದು ದಿನ ಅವಳು ಕಸ ಗುಡಿಸುತ್ತ, ತಲೆ ಎತ್ತದೆ ಹೇಳಿದಳು: "ಅಣ್ಣ ಐದು ದಿನದಲ್ಲಿ ಕಲಿತು ಬಂದಿದ್ದನ್ನ ನೀನು ಒಂದು ತಿಂಗಳಲ್ಲಿ ಮರೆಸಿಬಿಟ್ಟೆ ಅಮ್ಮ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗರು ಸೋಮಾರಿಗಳು ಎಂದು ದೂರುತ್ತೇವೆ. ಅವರನ್ನು ಸೋಮಾರಿ ಮಾಡುವ ಕೈ ಎಷ್ಟೋ ಸಲ ನಮ್ಮದೇ ಆಗಿರುತ್ತದೆ. ಮುದ್ದಿಗೆಂದು ಮಾಡುತ್ತೇವೆ, ಮುಂದೆ ಬರುವ ಸೊಸೆ ಅದರ ಫಲ ಉಣ್ಣುತ್ತಾಳೆ.

ಅಂದೇ ರಾತ್ರಿ ಅಡುಗೆಮನೆಯ ಗೋಡೆಗೆ ಶಿಬಿರದಲ್ಲಿದ್ದಂತೆಯೇ ಒಂದು ಪಾಳಿ ಪಟ್ಟಿ ಅಂಟಿಸಿದೆವು. ನೀರು, ಕಸ, ಪಾತ್ರೆ, ಬಟ್ಟೆ ಒಣಗಿಸುವುದು. ವಾರಕ್ಕೊಮ್ಮೆ ಕೆಲಸ ಬದಲು. ಮಗ ತಮಾಷೆಗೆ ಅಪ್ಪನ ಹೆಸರನ್ನೂ ಭಾನುವಾರದ ಕಾಲಂನಲ್ಲಿ ಬರೆದ. ಯಜಮಾನರು ಕನ್ನಡಕ ಏರಿಸಿ ಓದಿದರು, ಏನೂ ಮಾತಾಡಲಿಲ್ಲ. ಆದರೆ ಆ ಭಾನುವಾರ ಕಾಫಿ ಲೋಟ ತೊಳೆದ ಸದ್ದು ಕೇಳಿತು! ಈಗ ಮಗ ಪಿಯುಸಿಯಲ್ಲಿದ್ದಾನೆ. ಆ ಪಟ್ಟಿ ಹರಿದು ಮೂರನೆಯ ಹೊಸ ಪಟ್ಟಿ ಬಂದಿದೆ. ನಡುನಡುವೆ ಜಗಳ ಇದ್ದೇ ಇದೆ. ಆದರೂ ಪಟ್ಟಿ ಗೋಡೆಯ ಮೇಲಿದೆ.

ಕಳಿಸುವ ಮುಂಚೆ ಕೇಳಿ ತಿಳಿಯಿರಿ

ಶಿಬಿರ ಒಳ್ಳೆಯದೆಂದು ಕಣ್ಣು ಮುಚ್ಚಿ ಕಳಿಸಬೇಡಿ. ಅಮೆರಿಕದ ಬಾಯ್ ಸ್ಕೌಟ್ ಸಂಸ್ಥೆ 2020ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಬಾಲ್ಯದಲ್ಲಿ ಅಲ್ಲಿನ ಹಿರಿಯರಿಂದ ಲೈಂಗಿಕ ದೌರ್ಜನ್ಯ ಅನುಭವಿಸಿದೆವೆಂದು 80 ಸಾವಿರಕ್ಕೂ ಹೆಚ್ಚು ಮಂದಿ ಪರಿಹಾರ ಕೇಳಿದರು. ಎಷ್ಟು ವರ್ಷ ಆ ಮಕ್ಕಳು ಬಾಯಿ ಮುಚ್ಚಿಕೊಂಡಿದ್ದರೋ! ಚರ್ಚಿನ ಶಿಬಿರವಾಗಲಿ, ಶಾಲೆಯ ಶಿಬಿರವಾಗಲಿ, ಮಠದ ಶಿಬಿರವಾಗಲಿ, ಕೇಳುವುದು ತಾಯಿಯ ಹಕ್ಕು. ಸಂಕೋಚ ಬೇಡ.

• ಹೋಗುವ ಜಾಗ, ಜೊತೆಗಿರುವ ಹಿರಿಯರ ಹೆಸರು, ಫೋನ್ ನಂಬರು, ಹೋಗಿ ಬರುವ ವಾಹನ, ಶುಲ್ಕ, ಇಷ್ಟೂ ಬರಹದಲ್ಲಿರಲಿ.

• ಯಾವ ಹೊತ್ತಿನಲ್ಲೂ ಒಬ್ಬ ಹಿರಿಯ ಒಂದೇ ಮಗುವಿನ ಜೊತೆ ಒಂಟಿಯಾಗಿರಬಾರದು, ಕನಿಷ್ಠ ಇಬ್ಬರು ಹಿರಿಯರಿರಬೇಕು. ಹಿರಿಯರು ಮಕ್ಕಳ ಡೇರೆಯಲ್ಲಿ ಮಲಗಬಾರದು. ಈ ನಿಯಮ ಇದೆಯೇ ಎಂದು ನೇರವಾಗಿ ಕೇಳಿ.

• ಕೆರೆ, ಕಲ್ಯಾಣಿ, ಕ್ವಾರಿ ಹೊಂಡ ಹತ್ತಿರವಿದ್ದರೆ ಕಾವಲು ಯಾರು? ಬೆಟ್ಟ ಹತ್ತಿಸುವುದಾದರೆ ಬಲ್ಲವರು ಜೊತೆಗಿದ್ದಾರೆಯೇ? ಹತ್ತಿರದ ಆಸ್ಪತ್ರೆ ಎಷ್ಟು ದೂರ?

• ಮಗುವಿಗೆ ಉಬ್ಬಸ, ಮೂರ್ಛೆ, ಯಾವುದಾದರೂ ಔಷಧಿ ಒಗ್ಗದಿರುವುದು ಇದ್ದರೆ ಬರೆದು ಕೊಡಿ. ಹಾಸಿಗೆ ಒದ್ದೆ ಮಾಡುವ ಅಭ್ಯಾಸವಿದ್ದರೂ ಗುಟ್ಟಾಗಿ ಮಾಸ್ತರರಿಗೆ ಹೇಳಿ, ನಾಚಿಕೆ ಬೇಡ.

• ಪ್ರಾರ್ಥನೆ, ಪಾಠ, ಊಟ ಯಾವ ಬಗೆಯದೆಂದು ಮೊದಲೇ ಕೇಳಿ. ನಿಮ್ಮ ಮನಸ್ಸಿಗೆ ಒಗ್ಗಿದರೆ ಕಳಿಸಿ, ಇಲ್ಲದಿದ್ದರೆ ಬೇಡ. ಆಮೇಲೆ ದೂರುವುದು ತರವಲ್ಲ.

• ಬಂದ ಮೇಲೆ ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಮಾತಾಡಿಸಿ. ಸುಮ್ಮನಾದರೆ, ಅಂಜಿದರೆ ಗದರಬೇಡಿ. ಇಂಥ ದೌರ್ಜನ್ಯದಿಂದ ಮಕ್ಕಳನ್ನು ಕಾಯಲು 2012ರ ಪೋಕ್ಸೊ ಕಾಯ್ದೆ ಇದೆ, ಗಂಡುಮಕ್ಕಳಿಗೂ ಅದು ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098.

ಬುತ್ತಿಗೆ ಒಂದು ಉಂಡೆ

ಚೀಲದಲ್ಲಿ ಎರಡು ಜೊತೆ ಹತ್ತಿ ಬಟ್ಟೆ, ಹೊದಿಕೆ, ತಟ್ಟೆ ಲೋಟ, ಟಾರ್ಚು, ನೀರಿನ ಬಾಟಲಿ, ಸೋಪು, ಟವೆಲ್ಲು ಸಾಕು. ಎಲ್ಲದರ ಮೇಲೂ ದಾರದಲ್ಲಿ ಹೆಸರು ಹೊಲಿಯಿರಿ. ಚೀಲವನ್ನು ನೀವು ತುಂಬಬೇಡಿ, ಅವನೇ ತುಂಬಲಿ. ಮರೆತರೆ ಮುಂದಿನ ಸಲ ಮರೆಯುವುದಿಲ್ಲ. ನಮ್ಮ ಪಾವಗಡ, ಶಿರಾ, ಮಧುಗಿರಿ ಕಡೆ ಕಡಲೆಕಾಯಿಗೆ ಬರವಿಲ್ಲ. ಅದರ ಈ ಉಂಡೆ ಒಂದು ವಾರ ಕೆಡುವುದಿಲ್ಲ.

ಬೇಕಾದದ್ದು: ಕಡಲೆಕಾಯಿ ಬೀಜ 2 ಲೋಟ, ಹುರಿಗಡಲೆ 1 ಲೋಟ, ಬಿಳಿ ಎಳ್ಳು ಅರ್ಧ ಲೋಟ, ತುರಿದ ಬೆಲ್ಲ ಒಂದೂವರೆ ಲೋಟ, ಏಲಕ್ಕಿ 4, ಚಿಟಿಕೆ ಉಪ್ಪು.

ಮಾಡುವ ಬಗೆ: ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಸಿಪ್ಪೆ ಕೇರಿ. ಎಳ್ಳನ್ನು ಚಟಪಟ ಅನ್ನುವವರೆಗೆ ಹುರಿಯಿರಿ. ಹುರಿಗಡಲೆಯನ್ನು ಬಿಸಿ ಮಾಡಿಕೊಂಡು ನುಣ್ಣಗೆ ಪುಡಿ ಮಾಡಿ. ಬೀಜ ಮತ್ತು ಎಳ್ಳನ್ನು ತರಿತರಿಯಾಗಿ ಪುಡಿ ಮಾಡಿ, ಬೆಲ್ಲ, ಏಲಕ್ಕಿ, ಉಪ್ಪು ಸೇರಿಸಿ ಇನ್ನೊಂದು ಸುತ್ತು ತಿರುವಿ. ಬೀಜದ ಎಣ್ಣೆ ಬಿಟ್ಟುಕೊಂಡು ಪುಡಿ ಅಂಟಿಕೊಳ್ಳುತ್ತದೆ. ಹುರಿಗಡಲೆ ಪುಡಿ ಕಲೆಸಿ ಗಟ್ಟಿಯಾಗಿ ಉಂಡೆ ಕಟ್ಟಿ. ಕೂಡದಿದ್ದರೆ ಎರಡು ಚಮಚ ತುಪ್ಪ ಹಾಕಿ, ನೀರು ಮಾತ್ರ ಸೋಕಿಸಬೇಡಿ. ತಂಡದ ಎಲ್ಲ ಹುಡುಗರಿಗೂ ಆಗುವಷ್ಟು ಕಟ್ಟಿಕೊಡಿ. ಒಬ್ಬನೇ ತಿನ್ನುವ ಉಂಡೆಗೆ ಶಿಬಿರದಲ್ಲಿ ರುಚಿಯಿಲ್ಲ.

ಹೆಣ್ಣುಮಕ್ಕಳನ್ನೂ ಕಳಿಸಿ

ಕೊನೆಯದಾಗಿ ಒಂದು ಮಾತು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟ್ ಹುಡುಗರ ದೊಡ್ಡ ಮೇಳ ನಡೆದಾಗ, ಯಾರೂ ಕರೆಯದಿದ್ದರೂ ಕೆಲವು ಹುಡುಗಿಯರು ಸಮವಸ್ತ್ರದಲ್ಲಿ ಬಂದು ನಿಂತರಂತೆ, ನಾವೂ ಸ್ಕೌಟುಗಳೇ ಎಂದು! ಮರುವರ್ಷ ಬೇಡನ್ ಪೊವೆಲ್ ಅವರ ತಂಗಿ ಆಗ್ನೆಸ್ ಅವರ ನೇತೃತ್ವದಲ್ಲಿ ಗರ್ಲ್ ಗೈಡ್ಸ್ ಸಂಸ್ಥೆ ಬಂತು. 1911ರಲ್ಲಿ ನಮ್ಮ ಜಬಲ್‌ಪುರದಲ್ಲಿ ಭಾರತದ ಮೊದಲ ಗೈಡ್ ದಳ ಶುರುವಾಯಿತು.

ನಮ್ಮ ಮನೆಯಲ್ಲೂ ಕರೆಯದೆ ಬಂದು ನಿಂತವಳು ಮಗಳು. "ಅಣ್ಣನ್ನ ಕಳಿಸಿದ್ರಿ, ನನ್ನನ್ನ ಯಾವಾಗ?" ಎಂದಳು. ಹೆಣ್ಣುಹುಡುಗಿ, ರಾತ್ರಿ, ಡೇರೆ ಎಂದು ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಮಗನ ಸಲ ಕೇಳದೆ ಬಿಟ್ಟಿದ್ದ ಮೇಲಿನ ಪ್ರಶ್ನೆಗಳನ್ನೆಲ್ಲ ಗೈಡ್ ಟೀಚರಿಗೆ ಕೇಳಿದೆ. ಅವರು ಒಂದಕ್ಕೂ ಬೇಸರಿಸದೆ ಉತ್ತರ ಕೊಟ್ಟರು. ಕಳೆದ ವರ್ಷ ಮಗಳು ಶಿಬಿರಕ್ಕೆ ಹೋಗಿ ಬಂದಳು. ಈ ಸಲ ಸಹಿ ಹಾಕಲು ಎರಡು ದಿನ ತೆಗೆದುಕೊಳ್ಳಲಿಲ್ಲ.

ಅವಳು ಬಂದ ಮರುವಾರ ಅಣ್ಣ ತಂಗಿ ಇಬ್ಬರೂ ನನ್ನ ಕೈಹಿಡಿದು ನಮ್ಮೂರ ಬೆಟ್ಟಕ್ಕೆ ಕರೆದುಕೊಂಡು ಹೋದರು. ಮದುವೆಯಾಗಿ ಈ ಊರಿಗೆ ಬಂದು ಇಷ್ಟು ವರ್ಷವಾದರೂ ನಾನು ಕೋಟೆಯ ಮೊದಲ ಬಾಗಿಲು ದಾಟಿದವಳಲ್ಲ. ಕಡಿದಾದ ಕಡೆ ಮಗಳು ಮುಂದೆ, ಮಗ ಹಿಂದೆ. ಪೂರ್ತಿ ತುದಿಗೆ ಹೋಗಲಾಗಲಿಲ್ಲ, ಮಂಡಿ ಬಿಡಲಿಲ್ಲ. ಆದರೂ ಹೋದಷ್ಟು ಎತ್ತರದಿಂದ ನಮ್ಮ ಮನೆಯ ಹೆಂಚು ಕಾಣಿಸಿತು. ಬಂಡೆಯ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಮಗಳು ಮೊದಲ ಉಂಡೆಯನ್ನು ನನ್ನ ಕೈಗೆ ಕೊಟ್ಟಳು. "ನೀವು ತಿನ್ನಿ, ನಾನು ಆಮೇಲೆ" ಎಂದೆ, ರೂಢಿಯಂತೆ. "ಇವತ್ತು ಲೀಡರ್ ನಾನು. ಕೊನೆಗೆ ತಿನ್ನೋಳು ನಾನೇ. ನೀನು ತಿನ್ನಮ್ಮಾ" ಎಂದಳು.

ಸೋದರಿಯರೇ, ನಿಮ್ಮ ಮನೆಯ ಸಾಸಿವೆ ಡಬ್ಬಿಯ ಕೆಳಗೂ ಇಂಥದೊಂದು ಚೀಟಿ ಇದ್ದರೆ, ಕೇಳಬೇಕಾದ್ದನ್ನು ಕೇಳಿ ಸಹಿ ಹಾಕಿ. ಮಕ್ಕಳು ಹಿಂತಿರುಗಿದ ದಿನ ಅವರ ಕೈಯಲ್ಲಿರುವ ತಟ್ಟೆಯನ್ನು ಮಾತ್ರ ಕಿತ್ತುಕೊಳ್ಳಬೇಡಿ!